ಎರಡನೆಯ ಅರ್ಜಿ

ಬೆಂಗಳೂರಿನಿಂದ ಶಿರಾಡಿ ಘಟ್ಟವನ್ನು ಇಳಿದು ಬರುವ ರಾತ್ರಿಯ ಬಸ್ಸು ಬಿ.ಸಿ. ರೋಡನ್ನು ಮುಟ್ಟಿದಾಗ ಇನ್ನೂ ಮಬ್ಬುಗತ್ತಲೆ. ಬಸ್ಸಿನಿಂದ ಇಳಿದಾತನನ್ನು ನಾನು ಆತನ ಬಾಲ್ಯದಿಂದ ಬಲ್ಲೆ: ಬಂಟ್ವಾಳದ ಹೊಳೆಬದಿಯಲ್ಲಿ ಹುಟ್ಟಿ, ಮೂಡುಬಿದಿರೆಯಲ್ಲಿ ಓದಿ, ಈಗ ಬೆಳ್ತಂಗಡಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರುವ, 33ರ ಪ್ರಾಯದ ಅಧ್ಯಾಪಕ. ವಾರದ ಹಿಂದೆ ಇದೇ ನಿಲ್ದಾಣದಿಂದ ಹೊರಟಾಗ ಸುಣ್ಣದಂತೆ ಬೆಳ್ಳಗಿದ್ದ ಆತನ ಕ್ಯಾನ್ವಾಸ್ ಬೂಟುಗಳು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹಗ್ಗವನ್ನು ಹಿಡಿದು ಜಾರಿದ ಗೆರೆ ಅಂಗೈಯಲ್ಲಿ ಇನ್ನೂ ಕೆಂಪಾಗಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ತಂದಿಟ್ಟ ಹಿರಿಯರು, “ದಾದ ಆಂಡ್ ಮಾಷ್ಟ್ರೆ?” ಎಂದು, ಏನಾಯಿತೆಂದು ತುಳುವಿನಲ್ಲಿ ವಿಚಾರಿಸಿದರು. “ಆಯಿಜಿ”, ಆಗಲಿಲ್ಲ, ಎಂದು ಒಂದೇ ಮಾತಿನಲ್ಲಿ ಹೇಳಿ, ಲೋಟವನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು, ಆತನು ಬಹಳ ಹೊತ್ತು ರಸ್ತೆಯ ಕಡೆಗೇ ನೋಡುತ್ತ ಕುಳಿತನು.

ಆತನು ಹೋಗಿದ್ದುದು ಪ್ರಾದೇಶಿಕ ಸೇನೆಯ ಅಧಿಕಾರಿಪದವಿಗಾಗಿ. ಟೆರಿಟೋರಿಯಲ್ ಆರ್ಮಿ ಎಂದು ಪತ್ರಿಕೆಗಳಲ್ಲಿ ಆಗಾಗ ಕಾಣುವ ಈ ಹೆಸರಿನ ಅರ್ಥ ನಮ್ಮ ಜಿಲ್ಲೆಯಲ್ಲಿ ಅನೇಕರಿಗೆ ತಿಳಿಯದು. 1948ರ ಕಾಯಿದೆಯಿಂದ ಜನಿಸಿ, 1949ರ ಅಕ್ಟೋಬರ್ 9ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಉದ್ಘಾಟಿತವಾದ ಈ ಸೇನೆಯು, ತನ್ನ ಜೀವನೋಪಾಯವನ್ನು ಬಿಡದೆಯೇ ವರ್ಷದಲ್ಲಿ ಕೆಲವು ಕಾಲ ಸಮವಸ್ತ್ರವನ್ನು ಧರಿಸಿ, ದೇಶಕ್ಕೆ ವಿಪತ್ತು ಒದಗಿದಾಗ ಕರೆಗೆ ಓಗೊಡಲು ಸಿದ್ಧನಾಗಿರತಕ್ಕ ಪ್ರಜೆಯ ಸೇನೆ. ಬೇರೆ ಉದ್ಯೋಗವಿಲ್ಲದವನಿಗೆ ಇಲ್ಲಿ ಅಧಿಕಾರಿಯಾಗಲು ಅವಕಾಶವೇ ಇಲ್ಲವೆಂಬುದು ಇದರ ವೈಶಿಷ್ಟ್ಯ. ಪದವೀಧರನಾಗಿರಬೇಕು, ದುಡಿದು ಉಣ್ಣುವವನಾಗಿರಬೇಕು, ವಯಸ್ಸು 18ರಿಂದ 42ರ ಒಳಗಿರಬೇಕು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ ಈ ಬಾಗಿಲು ಸ್ತ್ರೀಯರಿಗೂ ತೆರೆದಿದೆ. 1962, 1965, 1971ರ ಯುದ್ಧಗಳಲ್ಲಿ ಇದರ ದಳಗಳು ಸೇವೆ ಸಲ್ಲಿಸಿವೆ; ಸುಣ್ಣಕಲ್ಲಿನ ಗಣಿಗಾರಿಕೆಯಿಂದ ಬೋಳಾಗಿದ್ದ ಮಸೂರಿಯ ಬೆಟ್ಟಗಳಿಗೆ ಮತ್ತೆ ಹಸುರು ತರಲು 1982ರಲ್ಲಿ ಕಟ್ಟಿದ ಪರಿಸರ ದಳವೂ ಈ ಸೇನೆಯದೇ.

ಮನೆಯಲ್ಲಿ ಆತನ ತಾಯಿ ಹೇಳಿದ ಮಾತು ಈ ಲೇಖನಕ್ಕೆ ಕಾರಣವಾಯಿತು. ಮುಂದಿನ ಪ್ರಕಟಣೆ ಬಂದಾಗ ಪುನಃ ಅರ್ಜಿ ಹಾಕುವೆನೆಂದು ಮಗನು ಹೇಳಿದಾಗ ಆ ತಾಯಿ, “ಒಮ್ಮೆ ಬೇಡವೆಂದ ಮನೆಯ ಬಾಗಿಲಿಗೆ ಮತ್ತೆ ಹೋಗುವುದುಂಟೇ ಮಗಾ?” ಎಂದರು. ಸಂಬಂಧ ಕೇಳಲು ಹೋಗಿ ತಿರಸ್ಕೃತರಾಗಿ ಬಂದವರು ಆ ಹೊಸ್ತಿಲನ್ನು ಮರಳಿ ತುಳಿಯಬಾರದೆಂಬ ನಮ್ಮ ಕಡೆಯ ಅಭಿಮಾನ ಆ ಮಾತಿನ ಹಿಂದಿದೆ; ಆ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಈ ಮನೆ ಅಂಥ ಮನೆಯಲ್ಲ. ಹಿಂದೆ ಬೇಡವೆನಿಸಿಕೊಂಡವನೂ ವಯಸ್ಸು ಮೀರುವವರೆಗೆ ಬರಬಹುದೆಂದು ಇಲ್ಲಿ ಮನೆಯವರೇ ನಿಯಮ ಮಾಡಿಟ್ಟಿದ್ದಾರೆ. ಬಂದವನು ಲಿಖಿತ ಪರೀಕ್ಷೆಯೆಂಬ ಮೊದಲನೆಯ ಮೆಟ್ಟಿಲಿನಿಂದಲೇ ಪುನಃ ಹತ್ತತಕ್ಕದ್ದು. ಮೊದಲ ಸಲಕ್ಕೆ ಕೊಟ್ಟ ಪ್ರಯಾಣವೆಚ್ಚ ಅದೇ ಬಗೆಯ ಆಯ್ಕೆಗೆ ಎರಡನೆಯ ಸಲ ದೊರೆಯದು. ಇಷ್ಟು ಬಿಟ್ಟರೆ ಹೊಸಬನಿಗೂ ಹಳಬನಿಗೂ ಭೇದವಿಲ್ಲ.

ಆಯ್ಕೆ ಮಂಡಳಿಯು ‘ಬೇಡ’ವೆಂದಾಗ ಏನನ್ನು ಬೇಡವೆನ್ನುತ್ತದೆಂಬುದನ್ನು ಅರಿಯಬೇಕಾದರೆ ಅದರ ಐದು ದಿನಗಳ ಪರೀಕ್ಷೆಯ ಕ್ರಮವನ್ನು ಸ್ವಲ್ಪ ನೋಡಬೇಕು. ಕೆಲವು ನಿಮಿಷಗಳ ಸಂದರ್ಶನದಲ್ಲಿ ಮನೆತನ, ಉಡುಪು, ಮಾತಿನ ಠೀವಿಗಳನ್ನು ನೋಡಿ ಅಧಿಕಾರಿಗಳನ್ನು ಆರಿಸುವ ಹಳೆಯ ಪದ್ಧತಿ ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ನಿಷ್ಪ್ರಯೋಜಕವೆಂದು ಕಂಡುಬಂದು, 1942ರಲ್ಲಿ ಬ್ರಿಟನ್ನಿನಲ್ಲಿಯೂ 1943ರಲ್ಲಿ ನಮ್ಮ ದೆಹರಾದೂನಿನಲ್ಲಿಯೂ ಮನಶ್ಶಾಸ್ತ್ರದ ಆಧಾರದ ಮೇಲೆ ಹೊಸ ಆಯ್ಕೆ ಮಂಡಳಿಗಳು ಆರಂಭವಾದವು. ಇಂದಿನ ಸೇವಾ ಆಯ್ಕೆ ಮಂಡಳಿಗಳು, ನಮ್ಮ ಹುಡುಗರ ಬಾಯಲ್ಲಿ ಎಸ್‌ಎಸ್‌ಬಿ, ಅವುಗಳ ಸಂತತಿ. ಒಬ್ಬ ಅಭ್ಯರ್ಥಿಯನ್ನು ಮೂವರು ಪರೀಕ್ಷಕರು ಪ್ರತ್ಯೇಕವಾಗಿ ಅಳೆಯುತ್ತಾರೆ: ಮನಶ್ಶಾಸ್ತ್ರಜ್ಞನು ಆತನ ಬರಹವನ್ನು ಓದಿ ಮನಸ್ಸನ್ನು, ಸಂದರ್ಶಕನು ಸಂಭಾಷಣೆಯಿಂದ ವಾಕ್ಕನ್ನು, ಮೈದಾನದ ಅಧಿಕಾರಿಯು ಹಲಗೆ, ಹಗ್ಗ, ಪೀಪಾಯಿಗಳ ನಡುವೆ ಕೃತಿಯನ್ನು. ಮನಸಾ ವಾಚಾ ಕರ್ಮಣಾ ಎಂದೇ ಅಲ್ಲಿಯೂ ಇದನ್ನು ಹೇಳುವ ವಾಡಿಕೆಯಿದೆ. ತ್ರಿಕರಣಶುದ್ಧಿಯ ಮಾತನ್ನು ಬಸದಿಯಲ್ಲಿಯೂ ದೇವಸ್ಥಾನದಲ್ಲಿಯೂ ಕೇಳುತ್ತ ಬೆಳೆದ ನಮ್ಮವರಿಗೆ ಇದಕ್ಕೆ ವ್ಯಾಖ್ಯಾನವೇ ಬೇಡ.

ಮನಶ್ಶಾಸ್ತ್ರಜ್ಞನ ಪರೀಕ್ಷೆಯಲ್ಲಿ ಅರುವತ್ತು ಶಬ್ದಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ. ಒಂದೊಂದಕ್ಕೆ ಹದಿನೈದು ಸೆಕೆಂಡಿನೊಳಗೆ ಮನಸ್ಸಿಗೆ ಬಂದ ವಾಕ್ಯವನ್ನು ಬರೆಯಬೇಕು. ಹನ್ನೊಂದು ಚಿತ್ರಗಳನ್ನು ತೋರಿಸಿ ಹನ್ನೊಂದು ಕಥೆಗಳನ್ನು ಬರೆಯಿಸಿ, ಹನ್ನೆರಡನೆಯದಾಗಿ ಬರಿಯ ಬಿಳಿಯ ಪರದೆಯನ್ನು ತೋರಿಸುತ್ತಾರೆ. ಆ ಬಿಳುಪಿನಲ್ಲಿ ತನ್ನ ಕಥೆಯನ್ನು ತಾನೇ ಕಾಣಬೇಕು. “ಅದಕ್ಕೆ ನಾನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಕಥೆಯನ್ನು ಬರೆದೆ” ಎಂದು ನಮ್ಮ ಅಧ್ಯಾಪಕನು ನನ್ನೊಡನೆ ಒಪ್ಪಿಕೊಂಡನು. ಒಂದು ತರಬೇತಿ ಕೇಂದ್ರದಲ್ಲಿ ಕಲಿಸಿದ ಕಥೆಯದು: ಹಳ್ಳಿಗೆ ಪ್ರವಾಹ ಬರುತ್ತದೆ, ನಾಯಕನು ದೋಣಿಯನ್ನು ತಂದು ಎಲ್ಲರನ್ನೂ ಪಾರುಮಾಡುತ್ತಾನೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ, ಕುಕ್ಕಾವುಗಳ ಕಡೆ ಬೆಟ್ಟ ಜರಿದು ಹೊಳೆಯುಕ್ಕಿ, ಬುಡಸಹಿತ ಕಿತ್ತುಬಂದ ಮರಗಳು ಸೇತುವೆಗಳಿಗೆ ಅಡ್ಡ ಸಿಕ್ಕಿ, ಅಡಕೆಯ ತೋಟಗಳಲ್ಲಿ ಮರಳು ತುಂಬಿದಾಗ, ಇದೇ ಮನುಷ್ಯನು ತನ್ನ ಶಾಲೆಯ ದೊಡ್ಡ ಹುಡುಗರನ್ನು ಕಟ್ಟಿಕೊಂಡು ಹೋಗಿ, ಮನೆಗಳೊಳಗಿನ ಕೆಸರನ್ನು ಎರಡು ವಾರ ಬುಟ್ಟಿಯಲ್ಲಿ ಹೊತ್ತು ಹಾಕಿದ್ದನು. ಅದರಲ್ಲಿ ಒಂದಕ್ಷರವನ್ನೂ ಆತನು ಆ ಕಾಗದದಲ್ಲಿ ಬರೆಯಲಿಲ್ಲ. ತನ್ನ ಸ್ವಂತ ಅನುಭವವು ಪರೀಕ್ಷೆಗೆ ತಕ್ಕಷ್ಟು ದೊಡ್ಡದಲ್ಲವೆಂದು ಯಾರೋ ಅವನನ್ನು ನಂಬಿಸಿದ್ದರು.

ಐದನೆಯ ದಿನ ಮಂಡಳಿಯ ಸಭೆ ಮುಗಿದ ಮೇಲೆ ಅಭ್ಯರ್ಥಿಗಳನ್ನೆಲ್ಲ ಒಂದೆಡೆ ಕುಳ್ಳಿರಿಸಿ, ಆಯ್ಕೆಯಾದವರ ಸಂಖ್ಯೆಗಳನ್ನು ಮಾತ್ರ ಓದುತ್ತಾರೆ. ಆ ದಿನಗಳಲ್ಲಿ ಹೆಸರಿಗಿಂತ ಎದೆಯ ಮೇಲಿನ ಬಟ್ಟೆಯಲ್ಲಿರುವ ಸಂಖ್ಯೆಯೇ ಮನುಷ್ಯನ ಗುರುತು. ಚೆಸ್ಟ್ ನಂಬರ್ ಎಂದು ಕರೆಯುತ್ತಾರೆ. ಕರೆಯದೆ ಉಳಿದವರು ಪಕ್ಕದ ದಾರವನ್ನು ಬಿಚ್ಚಿ, ಆ ಬಟ್ಟೆಯನ್ನು ಕಳಚಿ ಹಿಂದಿರುಗಿಸಿ ಹೊರಡಬೇಕು. ತನ್ನ ದಾರ ಬೆವರಿಗೆ ಗಂಟು ಬಿಗಿದುಕೊಂಡು ಬೇಗ ಬಿಚ್ಚಲಿಲ್ಲವೆಂದೂ, ಆಯ್ಕೆಯಾದ ಹುಡುಗನೊಬ್ಬನು ಎದ್ದುಬಂದು ಬಿಡಿಸಿಕೊಟ್ಟನೆಂದೂ ನಮ್ಮವನು ಹೇಳಿದನು.

ಹೀಗೆ ಬಿಟ್ಟುಹೋದವರ ಪಂಕ್ತಿಯಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರೂ ಒಬ್ಬರು. 1958ರಲ್ಲಿ ದೆಹರಾದೂನಿನಲ್ಲಿ ವಾಯುಸೇನೆಯ ಆಯ್ಕೆಗೆ ನಿಂತ 25 ಮಂದಿಯಲ್ಲಿ ಅವರು ಒಂಬತ್ತನೆಯವರಾದರು. ಬೇಕಾಗಿದ್ದವರು ಎಂಟೇ ಮಂದಿ. ಮುಂದೆ ಮೂರು ಸೇನೆಗಳಿಗೂ ದಂಡನಾಯಕರಾದ ರಾಷ್ಟ್ರಪತಿಯ ಜೀವನವನ್ನು ನೆನೆದು, ಸೋತವರಿಗೆಲ್ಲ ಅದೇ ಫಲ ಕಾದಿದೆಯೆಂದು ಹೇಳುವವನು ನಾನಲ್ಲ; ನನಗೆ ಬೇಕಾದುದು ಆ ಎಂಟು ಒಂಬತ್ತುಗಳ ನಡುವಿನ ಅಂತರ. ಅಷ್ಟು ಕಿರಿದಾದ ಅಂತರವು ಮನುಷ್ಯನ ಯೋಗ್ಯತೆಯ ಮೇಲಿನ ಶಾಶ್ವತ ಶಾಸನವಾಗಲಾರದು. ಆ ವಾರದಲ್ಲಿ, ಆ ಗುಂಪಿನಲ್ಲಿ, ಆ ಮೂವರ ಕಣ್ಣಿಗೆ ಆತನು ಕಂಡ ಬಗೆಯನ್ನಷ್ಟೇ ಅದು ಹೇಳುತ್ತದೆ.

ಮಂಡಳಿಯು ನಿರಾಕರಣೆಗೆ ಕಾರಣವನ್ನು ತಿಳಿಸುವುದಿಲ್ಲ. ಈ ಮೌನಕ್ಕೆ ಒಂದು ಸಮರ್ಥನೆಯುಂಟೆಂದು ನಾನು ಬಲ್ಲೆ: ನಿನಗೆ ಇಂಥ ಗುಣ ಸಾಲದು ಎಂದು ಬರೆದುಕೊಟ್ಟರೆ, ಮರುದಿನವೇ ಆತನು ಆ ಗುಣದ ಮುಖವಾಡವನ್ನು ಹಣ ತೆತ್ತು ಮಾಡಿಸಿಕೊಳ್ಳಲು ಹೊರಟಾನು. ಆದರೂ ನನ್ನ ಅಭಿಪ್ರಾಯದಲ್ಲಿ, ಮನಸ್ಸು, ವಾಕ್ಕು, ಕೃತಿ ಎಂಬ ಮೂರರಲ್ಲಿ ಯಾವುದರಲ್ಲಿ ಕೊರತೆ ಕಂಡಿತೆಂಬ ಒಂದೇ ಒಂದು ಶಬ್ದವನ್ನು ತಿಳಿಸಿದರೆ ಪರೀಕ್ಷೆಯ ಗುಟ್ಟು ಕೆಡುವುದಿಲ್ಲ, ಮರಳಿ ಬರುವವನ ಶ್ರಮಕ್ಕೂ ಒಂದು ದಿಕ್ಕು ದೊರೆಯುತ್ತದೆ. ವರ್ಷಗಟ್ಟಲೆ ಕತ್ತಲೆಯಲ್ಲಿ ತಡಕಾಡುವವರಿಗೆ ಇಷ್ಟನ್ನು ಸರ್ಕಾರ ಕೊಡಬೇಕು.

ಇನ್ನು ನಮ್ಮೂರಿನ ವಿಚಾರ. ವೈದ್ಯಕೀಯ ಸೀಟಿಗಾಗಿ ನೀಟ್ ಪರೀಕ್ಷೆಯನ್ನು ಎರಡನೆಯ ಸಲ, ಮೂರನೆಯ ಸಲ ಬರೆಯುವ ಮಕ್ಕಳಿಗಾಗಿ ‘ಲಾಂಗ್ ಟರ್ಮ್’ ಎಂಬ ಪ್ರತ್ಯೇಕ ತರಗತಿಗಳೇ ಈ ಕಡೆಯಲ್ಲಿ ನಡೆಯುತ್ತಿವೆ. ಮೂಡುಬಿದಿರೆಯ ಬೀದಿಗಳಲ್ಲಿ ಪರವೂರಿನ ಅಂಥ ವಿದ್ಯಾರ್ಥಿಗಳನ್ನು ನಾವು ನಿತ್ಯವೂ ನೋಡುತ್ತೇವೆ. ಅವರನ್ನು ಯಾರೂ ಹೀಯಾಳಿಸುವುದಿಲ್ಲ. ಪರಿಶ್ರಮಿಯೆಂದು ಮೆಚ್ಚುತ್ತಾರೆ, ತಂದೆತಾಯಂದಿರು ಸಾಲವನ್ನಾದರೂ ಮಾಡಿ ಶುಲ್ಕ ಕಟ್ಟುತ್ತಾರೆ. ಬ್ಯಾಂಕಿನ ಪರೀಕ್ಷೆಗೆ ಐದು ಸಲ ಕುಳಿತವನನ್ನು ಕಂಡರೆ ನಮ್ಮ ಜಿಲ್ಲೆಗೆ ಆಶ್ಚರ್ಯವೇ ಆಗದು. ಸೇನೆಯ ಪರೀಕ್ಷೆಗೆ ಎರಡನೆಯ ಸಲ ಹೊರಟವನಿಗೆ ಮಾತ್ರ, ಒಮ್ಮೆ ಆಗಲಿಲ್ಲವಲ್ಲ, ಮತ್ತೇಕೆ ಎಂಬ ಪ್ರಶ್ನೆ ಹೋಟೆಲಿನಿಂದ ಹಿಡಿದು ಮದುವೆಯ ಊಟದ ಪಂಕ್ತಿಯವರೆಗೆ ಕಾದಿರುತ್ತದೆ. ಲಾಭ ತರುವ ಹಟವನ್ನು ಛಲವೆಂದು ಕರೆದು, ಸೇವೆಗಾಗಿ ಹಿಡಿದ ಹಟವನ್ನು ಹುಚ್ಚೆನ್ನುವುದು ನ್ಯಾಯವೇ? ಇದು ನನ್ನ ಮನಸ್ಸನ್ನು ಬಹಳವಾಗಿ ನೋಯಿಸಿದೆ.

ಎಲ್ಲರೂ ಎಷ್ಟು ಸಲವಾದರೂ ಹೋಗಲಿ ಎಂಬುದು ನನ್ನ ಸಲಹೆಯಲ್ಲ. ವೈದ್ಯಕೀಯ ತಪಾಸಣೆಯಲ್ಲಿ ಗುಣವಾಗದ ದೋಷ ಕಂಡವನು ಆ ಮಾತನ್ನು ಒಪ್ಪಿಕೊಂಡು ಬೇರೆ ಸೇವೆಯನ್ನು ಅರಸಬೇಕು. ಹಿಂದಿನ ಸಲದ ಉತ್ತರಗಳನ್ನೇ ಹೊಸ ಅಂಗಿಯ ಜೇಬಿನಲ್ಲಿಟ್ಟು ಹೊರಡುವವನು ಹೋಗದಿರುವುದೇ ಲೇಸು. ಎರಡು ಅರ್ಜಿಗಳ ನಡುವಿನ ವರ್ಷವನ್ನು ಮನುಷ್ಯನು ಹೇಗೆ ಬದುಕಿದನೆಂಬುದರಲ್ಲಿ ಎರಡನೆಯ ಅರ್ಜಿಯ ಸತ್ತ್ವವಿದೆ. ಆ ವರ್ಷಕ್ಕೆ ಬೇಕಾದ ಹೊಣೆಗಾರಿಕೆಯ ಕೆಲಸಗಳು ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಹೇರಳವಾಗಿವೆ. 1923ರ ಮತ್ತು 1974ರ ಬೊಳ್ಳವನ್ನು, ಎಂದರೆ ನೆರೆಯನ್ನು, ಬಂಟ್ವಾಳದ ಪೇಟೆ ಇಂದಿಗೂ ಮರೆತಿಲ್ಲ. ನೇತ್ರಾವತಿಯು ದಡ ಮೀರಿದಾಗ ಯಾವ ಮನೆಯ ಮುದುಕರನ್ನು ಮೊದಲು ಎಬ್ಬಿಸಬೇಕು, ಯಾರಲ್ಲಿ ದೋಣಿಯಿದೆ, ಯಾವ ಶಾಲೆಯ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಬರೆದಿಡುವ ಕೆಲಸವೊಂದನ್ನೇ ಒಬ್ಬನು ವರ್ಷವಿಡೀ ಮಾಡಬಹುದು. ಪ್ರಕೃತಿವಿಕೋಪದಲ್ಲಿ ಜಿಲ್ಲಾಡಳಿತಕ್ಕೆ ನೆರವಾಗುವುದು ಪ್ರಾದೇಶಿಕ ಸೇನೆಯ ಘೋಷಿತ ಕರ್ತವ್ಯಗಳಲ್ಲೊಂದು. ನೆರೆಯನ್ನು ಕಂಡು ಬಲ್ಲ ನಾಡಿನಿಂದ ಅದಕ್ಕೆ ಅಧಿಕಾರಿಗಳು ಹೋಗದಿದ್ದರೆ ನಷ್ಟ ಸೇನೆಗೂ ಹೌದು, ನಾಡಿಗೂ ಹೌದು.

ನಮ್ಮ ಅಧ್ಯಾಪಕನು ಈ ಮಳೆಗಾಲದಲ್ಲಿ ಆ ಕೆಲಸಕ್ಕೆ ಕೈ ಹಾಕಿದ್ದಾನೆ; ಆತನ ತಾಯಿಯೇ ಹೊಳೆಬದಿಯ ಮನೆಗಳ ಹೆಸರುಗಳನ್ನು ಹೇಳಿ ಬರೆಯಿಸುತ್ತಿದ್ದಾರೆ. ಮುಂದಿನ ಪ್ರಕಟಣೆಗೆ ಆತನ ಅರ್ಜಿ ಹೋಗುವುದು ನಿಶ್ಚಯ. ಆದರೆ ಸರ್ಕಾರಿ ನೌಕರನಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಆಯ್ಕೆಯಾದ ಮೇಲೆ ಮೊದಲ ವರ್ಷ ಒಂದು ತಿಂಗಳ ಪ್ರಾಥಮಿಕ ತರಬೇತಿಗೆ, ಪ್ರತಿವರ್ಷ ಎರಡು ತಿಂಗಳ ಶಿಬಿರಕ್ಕೆ, ಮೊದಲೆರಡು ವರ್ಷಗಳೊಳಗೆ ಮೂರು ತಿಂಗಳು ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋಗಿಬರಲು ಅನುಕೂಲವೂ ಬೇಕು. ಸೇವೆಗೆ ಕರೆಯಲ್ಪಟ್ಟವನನ್ನು ಉದ್ಯೋಗಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದು 1948ರ ಕಾಯಿದೆಯೇ ವಿಧಿಸಿದೆ. ಮೊದಲ ಸಲ ಆತನ ಪತ್ರವು ಒಂದು ಕಚೇರಿಯ ಮೇಜಿನ ಮೇಲೆ ಏಳು ವಾರ ಮಲಗಿತ್ತು. ಶಾಲೆಗಳ, ಬ್ಯಾಂಕುಗಳ, ಕಚೇರಿಗಳ ಮುಖ್ಯಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಇಂಥ ಪತ್ರ ತಮ್ಮ ಮೇಜಿಗೆ ಬಂದಾಗ, ಅದು ಎಷ್ಟನೆಯ ಸಲವೆಂದು ಕೇಳದೆ, ಬಂದ ದಿನವೇ ಸಹಿ ಮಾಡಿ ಕಳುಹಿಸಿಕೊಡಿರಿ.