ಹಳೆಯ ಜೊತೆಗಾರರು ಬೆನ್ನು ತಿರುಗಿಸಿದಾಗ

ವಾಕಡದಲ್ಲಿ ಮಳೆ ಹಿಡಿದುಕೊಂಡ ದಿನ ಭೂಮಕರ ಚೌಕ ದಾಟಿ ಎಲ್ಲಿಗಾದರೂ ಹೋಗುವ ಆಸೆಯನ್ನು ನಾವು ಎಂದೋ ಬಿಟ್ಟಿದ್ದೇವೆ. ಕಳೆದ ವರ್ಷ ಅಂಥ ಕೆಲವು ಭಾನುವಾರಗಳನ್ನು ಮಗನ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವನು ಆಡುತ್ತಿದ್ದ ವೀಡಿಯೊ ಗೇಮೊಂದನ್ನು ನೋಡುತ್ತ ಕಳೆದೆವು. ಸಾಹಿತ್ಯದ ಬಳಗದಲ್ಲಿ ಇದನ್ನು ಹೇಳಿಕೊಳ್ಳಲು ತುಸು ಸಂಕೋಚವಿದೆ. ಇಂಗ್ಲಿಷ್ ಎಂ.ಎ. ಮಾಡಿ, ಬಳಿಕ ಕೇಂದ್ರ ಸರ್ಕಾರದ ಕಡತಗಳ ನಡುವೆ ಎರಡು ದಶಕ ಕಳೆದ ನಮಗೆ ಈ ಆಟಗಳೆಂದರೆ ಗುಂಡಿನ ಗದ್ದಲವೆಂಬ ತಿಳಿವಳಿಕೆಯಿತ್ತು. ಅದು ಪೂರ್ತಿ ತಪ್ಪೇನಲ್ಲ, ಗದ್ದಲ ಸಾಕಷ್ಟಿದೆ.

ಆಟದ ಹೆಸರು 'ಮಾಸ್ ಎಫೆಕ್ಟ್'. ಕೆನಡಾದ ಬಯೋವೇರ್ ಸಂಸ್ಥೆ 2007, 2010 ಮತ್ತು 2012ರಲ್ಲಿ ಮೂರು ಭಾಗಗಳಾಗಿ ತಂದದ್ದು; 2021ರಲ್ಲಿ ಮೂರನ್ನೂ ಒಂದೇ ಕಟ್ಟಿನಲ್ಲಿ ಮತ್ತೆ ಹೊರತಂದರು. ಆಡುವವನು ಶೆಪರ್ಡ್ ಎಂಬ ಸೇನಾಧಿಕಾರಿಯ ಪಾತ್ರ ವಹಿಸುತ್ತಾನೆ. ಸಂಭಾಷಣೆಯ ತಿರುವುಗಳಲ್ಲಿ ಏನು ಹೇಳಬೇಕೆಂಬುದನ್ನು ಅವನೇ ಆರಿಸಬೇಕು, ಮತ್ತು ಆರಿಸಿದ್ದರ ಫಲ ಮುಂದಿನ ಭಾಗದವರೆಗೂ ಬೆನ್ನಟ್ಟಿ ಬರುತ್ತದೆ. ಕರ್ಮಸಿದ್ಧಾಂತವನ್ನು ಗಣಕಯಂತ್ರಕ್ಕೆ ಅಳವಡಿಸಿದಂತಿದೆಯಲ್ಲ ಎಂದು ನಾವು ಹೇಳಿದಾಗ ಮಗ ನಗಲಿಲ್ಲ.

ಮೊದಲ ಭಾಗದಲ್ಲಿ ವಿರ್ಮೈರ್ ಎಂಬ ಗ್ರಹದ ಮೇಲೆ ಶೆಪರ್ಡ್ ತನ್ನ ಇಬ್ಬರು ಒಡನಾಡಿಗಳಲ್ಲಿ ಒಬ್ಬರನ್ನು ಮಾತ್ರ ಉಳಿಸಬಲ್ಲ. ಮಗ ಕೇಡನ್ ಎಂಬಾತನನ್ನು ಸಾವಿಗೆ ಬಿಟ್ಟು ಆಶ್ಲಿ ಎಂಬ ಸೈನಿಕಳನ್ನು ಉಳಿಸಿಕೊಂಡ. ಎರಡನೆಯ ಭಾಗದ ಆರಂಭದಲ್ಲಿ ಶೆಪರ್ಡನೇ ಸಾಯುತ್ತಾನೆ. ಸರ್ಬರಸ್ ಎಂಬ ಗುಪ್ತ ಸಂಘಟನೆ ಎರಡು ವರ್ಷ ದುಡಿದು, ಲೆಕ್ಕವಿಲ್ಲದಷ್ಟು ಹಣ ಸುರಿದು ಅವನಿಗೆ ಮರುಜೀವ ಕೊಡುತ್ತದೆ; ಹೊಸ ಹಡಗು ಕೊಡುತ್ತದೆ, ಹೊಸ ಕೆಲಸವನ್ನೂ ಕೊಡುತ್ತದೆ. ಆದರೆ ಇದು ಮೊದಲ ಭಾಗದಲ್ಲಿ ಶೆಪರ್ಡನೂ ಆಶ್ಲಿಯೂ ಕೂಡಿ ಎದುರಿಸಿದ ಸಂಘಟನೆ; ಅದರ ಕೈಗೆ ರಕ್ತ ಅಂಟಿದ್ದನ್ನು ಇಬ್ಬರೂ ಕಂಡವರು. ಹೊರೈಜನ್ ಎಂಬ ವಸಾಹತಿನಲ್ಲಿ ಹಳೆಯ ಜೊತೆಗಾರರು ಮತ್ತೆ ಎದುರಾಗುತ್ತಾರೆ. ಸತ್ತನೆಂದು ತಿಳಿದವನನ್ನು ಕಂಡು ಆಶ್ಲಿ ಮೊದಲು ಅಪ್ಪಿಕೊಳ್ಳುತ್ತಾಳೆ. ಮರುಗಳಿಗೆಯಲ್ಲಿ, ನೀನೀಗ ಯಾರ ಅನ್ನ ಉಣ್ಣುತ್ತಿರುವೆ ಎಂಬ ಧಾಟಿಯ ಪ್ರಶ್ನೆ. ಶೆಪರ್ಡ್ ಏನೇ ಉತ್ತರ ಕೊಡಲಿ, ಅವಳು ಹೊರಟುಹೋಗುತ್ತಾಳೆ. ಅವಳನ್ನು ತಡೆದು ನಿಲ್ಲಿಸುವ ಒಂದು ಮಾತೂ ಆಟದಲ್ಲಿಲ್ಲ.

ಮಗನಿಗೆ ಸಿಟ್ಟು ಬಂತು. "ಇವಳನ್ನ ಉಳಿಸಿದ್ದೇ ನಾನು ಅಪ್ಪಾ. ಕೃತಜ್ಞತೆ ಅನ್ನೋದೇ ಇಲ್ಲ," ಎಂದ. ಗ್ಯಾರಸ್ ಎಂಬ ಇನ್ನೊಬ್ಬ ಹಳೆಯ ಸಂಗಾತಿ ಮರುಮಾತಿಲ್ಲದೆ ಜೊತೆಗೆ ಬಂದಿದ್ದನಲ್ಲ, ಅವನೇ ನಿಜವಾದ ಗೆಳೆಯ ಎಂಬುದು ಅವನ ತೀರ್ಪು. ಆ ತೀರ್ಪು ಅವಸರದ್ದು ಎಂಬುದು ನಮ್ಮ ನಿಲುವು, ಮತ್ತು ಈ ಬರಹಕ್ಕೆ ಕಾರಣವೂ ಅದೇ.

ನಿಷ್ಠೆಗೆ ಕನ್ನಡದಲ್ಲಿ ಹಳೆಯ ಲೆಕ್ಕವೊಂದಿದೆ. ಜೋಳವಾಳಿ ಎಂದರೆ ಉಂಡ ಜೋಳದ ಋಣ ತೀರಿಸುವುದು; ಒಡೆಯನೊಡನೆ ಪ್ರಾಣ ಬಿಡುವವರೆಗೂ ಅದು ಹೋಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಆವರಣದಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬವಿದೆ. ಅರಸ ಸತ್ತಾಗ ತಾನೂ ಹೆಂಡತಿಯೂ ಸಂಗಡಿಗರೂ ಜೀವ ನೀಗಿದ್ದನ್ನು ಅದು ಸಾರುತ್ತದೆ. ನಿಂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದು ಒಡೆಯನಿಗೂ ಆಳಿಗೂ ನಡುವಿನ ಮಾತು. ಸರಿಸಮಾನರಾದ ಜೊತೆಗಾರರಿಗೆ ಅದೇ ಅಳತೆಗೋಲು ಸಲ್ಲುತ್ತದೆಯೇ?

ಪಂಪನ ಕರ್ಣನನ್ನು ನೆನೆಯಿರಿ. 941ರ ಆ ಕಾವ್ಯದಲ್ಲಿ ಹುಟ್ಟಿನ ಗುಟ್ಟು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಭಾನುಮತಿಯೊಡನೆ ಆಡಿದ ನೆತ್ತದಾಟದಲ್ಲಿ ಮುತ್ತಿನ ಹಾರ ಹರಿದು, ಚೆಲ್ಲಿದ ಮುತ್ತನ್ನು ನಾನು ಆಯಲೇ ಎಂದು ಅರಸ ಕೇಳಿದ ಪ್ರಸಂಗವನ್ನು ಅವನು ಮರೆಯಲಾರ. ಹಾರಕ್ಕೆ ಕೈ ಹಾಕಿದವರು ಯಾರು ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ, ಚರ್ಚಿಸಲಿ. ಒಂದು ಆಟದ ನಡುವೆ ಕಂಡ ಸಂಶಯವಿಲ್ಲದ ಕಣ್ಣಿಗೆ ಅವನು ಪ್ರಾಣವನ್ನೇ ತೆತ್ತ. ಕನ್ನಡಿಗರು ಸಾವಿರ ವರ್ಷದಿಂದ ಅವನಿಗಾಗಿ ಕಣ್ಣೀರು ಹಾಕುತ್ತಿದ್ದೇವೆ. ಅದೇ ಸಭೆಯಲ್ಲಿ ವಿದುರನೂ ಇದ್ದ. ಕುಮಾರವ್ಯಾಸನಲ್ಲಿ ಅವನು ದುರ್ಯೋಧನನ ಬಿರುನುಡಿ ಕೇಳಿ ತನ್ನ ಬಿಲ್ಲನ್ನೇ ಮುರಿದುಹಾಕುತ್ತಾನೆ. ಆ ಮನೆಯ ಹಿತ ಬಯಸಿ ಬೇಡವೆಂದವನು ಅವನು. ಅವನಿಗಾಗಿ ಅತ್ತವರು ಕಡಿಮೆ. ಗ್ಯಾರಸ್ ಕರ್ಣನ ಕಡೆಯವನು, ಆಶ್ಲಿ ವಿದುರನ ಕಡೆಯವಳು.

ಆಶ್ಲಿಯ ಹಿನ್ನೆಲೆಯನ್ನು ಆಟ ಚೆನ್ನಾಗಿ ಕಟ್ಟಿದೆ. ಅವಳ ಅಜ್ಜ ಹಿಂದಿನ ಯುದ್ಧವೊಂದರಲ್ಲಿ ಶತ್ರುವಿಗೆ ಶರಣಾಗಿದ್ದ ಸೇನಾನಿ. ಆ ಕಳಂಕವನ್ನು ಮನೆತನವೇ ಹೊತ್ತಿದೆ. ನಂಬಿಕೆಗೆಟ್ಟವರೆಂಬ ಮಾತಿನ ಭಾರ ಗೊತ್ತಿರುವವಳು ಗೆಳೆತನಕ್ಕಾಗಿ ಕಣ್ಣು ಮುಚ್ಚಿಕೊಳ್ಳಲಾರಳು. ಇನ್ನೊಂದು ಸಂಗತಿ ನಮಗೆ ವಿಶೇಷವಾಗಿ ಹಿಡಿಸಿತು. ಮೊದಲ ಭಾಗದಲ್ಲಿ ಅವಳು ಟೆನಿಸನ್ನನ 'ಯುಲಿಸಿಸ್' ಕವಿತೆಯನ್ನು ಬಾಯಿಪಾಠ ಹೇಳುತ್ತಾಳೆ. ಅದನ್ನು ತರಗತಿಯಲ್ಲಿ ಓದುವಾಗ ಮುದಿ ನಾಯಕನ ಧೈರ್ಯಕ್ಕೆ ನಾವೆಲ್ಲ ಮಾರುಹೋಗಿದ್ದೆವು. ಅವನು ಹಳೆಯ ಒಡನಾಡಿಗಳನ್ನು ಕೊನೆಯ ಯಾನಕ್ಕೆ ಕರೆಯುತ್ತಾನೆ. ಒಡನಾಡಿಗಳು ಏನೆಂದರು? ಕವಿತೆಯಲ್ಲಿ ಅವರಿಗೆ ಬಾಯಿಯೇ ಇಲ್ಲ. ಇಷ್ಟು ವರ್ಷ ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಹೊರೈಜನ್ನಿನಲ್ಲಿ ಅಂಥ ಒಬ್ಬ ಒಡನಾಡಿ ಬಾಯಿ ತೆರೆದು, ಬರುವುದಿಲ್ಲ ಎಂದಳು.

ಇಲ್ಲಿ ನಮ್ಮ ಸ್ವಂತ ಸಂಗತಿಯೊಂದನ್ನು ಹೇಳದಿದ್ದರೆ ಈ ವಾದ ಪ್ರಾಮಾಣಿಕವಾಗದು. ನಮ್ಮ ಕಚೇರಿಯಲ್ಲಿ ಅಥಣಿ ಕಡೆಯ ಗೆಳೆಯರೊಬ್ಬರಿದ್ದರು. ಇಡೀ ಮಹಡಿಗೆ ಕನ್ನಡದವರು ನಾವಿಬ್ಬರೇ. ಹದಿನೈದು ವರ್ಷ ಮಧ್ಯಾಹ್ನದ ಡಬ್ಬಿ ಒಟ್ಟಿಗೆ ಬಿಚ್ಚಿದೆವು. ನಮ್ಮ ತಂದೆ ತೀರಿಕೊಂಡಾಗ ನಮ್ಮ ಮೇಜಿನ ಕೆಲಸವನ್ನೂ ಅವರೇ ತೂಗಿಸಿದರು, ಒಂದು ಕಾಗದವೂ ಬಾಕಿ ಉಳಿಯದಂತೆ. ಮುಂದೆ ಅವರು ಸ್ವಯಂ ನಿವೃತ್ತಿ ಪಡೆದು, ನಮ್ಮ ಇಲಾಖೆಯ ಟೆಂಡರುಗಳಿಗೆ ಅರ್ಜಿ ಹಾಕುವ ಖಾಸಗಿ ಸಂಸ್ಥೆಯೊಂದನ್ನು ಸೇರಿದರು. ಒಂದು ದಿನ ಅದೇ ಮೇಜಿನ ಎದುರು ಕುಳಿತು ಒಂದು ಕಡತ ಎಲ್ಲಿದೆ, ಉಳಿದವರು ಎಷ್ಟು ಬರೆದಿದ್ದಾರೆ ಎಂದು ಕೇಳಿದರು. ಹೇಳಲಾಗದು ಎಂದೆವು. "ನಾ ಏನ್ ಕಳವು ಮಾಡಾಕ ಬಂದೀನೇನಪಾ? ಬ್ಯಾಗ್ ಬದಲಾತು ಅಂತ ನನ್ನ ಮಾರಿನೂ ಮರತಿ?" ಎಂದರು. ಅರ್ಧ ಕುಡಿದ ಚಹಾ ಬಿಟ್ಟು ಎದ್ದುಹೋದರು. ಮೂರು ವರ್ಷವಾಯಿತು.

ನಾವು ಮಾಡಿದ್ದು ಸರಿ ಎಂದು ಅಂದೂ ನಂಬಿದ್ದೆವು, ಇಂದೂ ನಂಬುತ್ತೇವೆ. 1964ರ ನಡತೆ ನಿಯಮಗಳು ಸರ್ಕಾರಿ ನೌಕರನಿಂದ ಪರಿಪೂರ್ಣ ಪ್ರಾಮಾಣಿಕತೆಯನ್ನೂ ಕರ್ತವ್ಯನಿಷ್ಠೆಯನ್ನೂ ಬೇಡುತ್ತವೆ. ಆದರೆ ನಿಯಮಕ್ಕೆ ಹೆದರಿ ಮಾತ್ರ ಬೇಡವೆಂದದ್ದಲ್ಲ. ಆ ನಿಯಮವನ್ನು ಪಾಲಿಸುವುದು ಹೇಗೆಂದು ನಮಗೆ ಕಲಿಸಿದವರೇ ಅವರು. ದೀಪಾವಳಿಯ ಮಿಠಾಯಿ ಪೆಟ್ಟಿಗೆಯನ್ನು ಗುತ್ತಿಗೆದಾರನ ಕೈಗೇ ವಾಪಸು ಕೊಟ್ಟು, ಅವನಿಗೆ ತಮ್ಮ ಖರ್ಚಿನಲ್ಲಿ ಚಹಾ ಕುಡಿಸಿ ಕಳಿಸುತ್ತಿದ್ದವರು. ಆ ಹಳೆಯ ಮನುಷ್ಯನಿಗೆ ನಿಷ್ಠರಾಗಿರಲು ಈ ಹೊಸಬರಿಗೆ ಬೇಡವೆನ್ನಬೇಕಾಯಿತು. ಆಶ್ಲಿ ಮಾಡಿದ್ದೂ ಇದನ್ನೇ ಎಂದು ಮಗನಿಗೆ ವಿವರಿಸಿದೆವು. ಅವನು ಪೂರ್ತಿ ಒಪ್ಪಲಿಲ್ಲ.

ಆಟದ ಮೇಲೂ ನಮ್ಮದೊಂದು ತಕರಾರಿದೆ. ಎರಡನೆಯ ಭಾಗದಲ್ಲಿ ನಿಷ್ಠೆಯೆಂಬುದು ಸಂಪಾದಿಸುವ ವಸ್ತು. ಪ್ರತಿಯೊಬ್ಬ ಸಂಗಾತಿಗೂ ಒಂದು ಸ್ವಂತ ಕೆಲಸವಿರುತ್ತದೆ. ಅದನ್ನು ಮಾಡಿಕೊಟ್ಟರೆ ಅವನು ನಿಷ್ಠನೆಂದು ಪರದೆಯ ಮೇಲೆ ದಾಖಲಾಗುತ್ತದೆ, ಕೊನೆಯ ಕಾಳಗದಲ್ಲಿ ಬದುಕುಳಿಯುವ ಸಂಭವವೂ ಹೆಚ್ಚುತ್ತದೆ. ಇದು ಗೆಳೆತನವಲ್ಲ, ಮುಯ್ಯಿ. ಮದುವೆಯ ಮನೆಯಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟುಕೊಳ್ಳುವ ಪುಸ್ತಕದಂತೆ. ಗ್ಯಾರಸ್‌ನ ಕಥೆಯೊಂದು ಮಾತ್ರ ಈ ಲೆಕ್ಕವನ್ನು ಮೀರುತ್ತದೆ. ಅವನು ಕಟ್ಟಿದ ತಂಡದ ಹತ್ತು ಮಂದಿ ಸಿಡೋನಿಸ್ ಎಂಬ ಸ್ವಂತ ಸಂಗಾತಿಯ ದ್ರೋಹದಿಂದ ಸತ್ತಿದ್ದಾರೆ. ಗ್ಯಾರಸ್ ದೂರದಿಂದ ಬಂದೂಕಿನ ಗುರಿ ಹಿಡಿದು ಕುಳಿತಿದ್ದಾನೆ. ದ್ರೋಹಿಯನ್ನು ಮಾತಿಗೆಳೆದ ಶೆಪರ್ಡ್ ಬೇಕೆಂದರೆ ಆ ಗುರಿಗೆ ಅಡ್ಡ ನಿಲ್ಲಬಹುದು. ಮಗ ಅಡ್ಡ ನಿಂತ. ಜೀವಬೆದರಿಕೆಗೆ ಹೆದರಿ ಗೆಳೆಯರನ್ನು ಬಿಟ್ಟುಕೊಟ್ಟ ಸಿಡೋನಿಸ್, ತಾನು ಅಂದೇ ಸತ್ತಂತಾಗಿದ್ದೇನೆ ಎಂಬ ಭಾವದಲ್ಲಿ ಮಾತನಾಡುವುದನ್ನು ಕೇಳಿ ಗ್ಯಾರಸ್ ಬಂದೂಕು ಇಳಿಸಿದ. ಗೆಳೆಯನ ಸಿಟ್ಟಿಗೂ ಗುರಿಗೂ ನಡುವೆ ನಿಲ್ಲುವುದೂ ಒಂದು ಬಗೆಯ ನಿಷ್ಠೆಯೇ.

ನಮ್ಮ ವಾದದ ದುರ್ಬಲ ಕೊಂಡಿ ತಿಳಿದದ್ದು ಮೂರನೆಯ ಭಾಗದಲ್ಲಿ. ಆರಂಭದಲ್ಲೇ ಆಶ್ಲಿ ತೀವ್ರವಾಗಿ ಗಾಯಗೊಂಡು ಆಸ್ಪತ್ರೆ ಸೇರುತ್ತಾಳೆ. ಮುಂದೆ ಒಂದು ಕ್ಷಿಪ್ರಕ್ರಾಂತಿಯ ಗೊಂದಲದಲ್ಲಿ ಅವಳೂ ಶೆಪರ್ಡನೂ ಪರಸ್ಪರ ಬಂದೂಕು ಹಿಡಿದು ಎದುರುಬದುರಾಗುತ್ತಾರೆ. ಅಲ್ಲಿ ಅವಳು ಅವನ ಮಾತನ್ನು ನಂಬಬೇಕು; ನಂಬದಿದ್ದರೆ ಒಬ್ಬರ ಪ್ರಾಣವೇ ಹೋದೀತು. ಮಗನ ಆಟದಲ್ಲಿ ಅವಳು ನಂಬಿದಳು. ಇಷ್ಟೆಲ್ಲ ಆದಮೇಲೆ ಹೇಗೆ ನಂಬಿದಳು ಎಂದು ಕೇಳಿದೆವು.

"ಆಸ್ಪತ್ರೆಗೆ ಹೋಗಿ ಮಾತಾಡಿಸಿ ಬಂದಿದ್ದೆನಲ್ಲ ಅಪ್ಪಾ, ಅದಕ್ಕೇ. ಹೋಗದೇ ಇದ್ದರೆ ಕಷ್ಟ ಆಗ್ತಿತ್ತು," ಎಂದು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ.

ಹಿಂದಿನ ಚಳಿಗಾಲದಲ್ಲಿ ಆ ಅಥಣಿಯ ಗೆಳೆಯರಿಗೆ ಇದೇ ಊರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಬೇಗ ಗುಣಮುಖರಾಗಿ ಎಂದು ಮೊಬೈಲಿನಲ್ಲಿ ಒಂದು ಸಾಲು ಕಳಿಸಿದೆವು, ಹೋಗಲಿಲ್ಲ. ಅವರ ಸಂಸ್ಥೆಯ ಅರ್ಜಿ ಇನ್ನೂ ಇಲಾಖೆಯಲ್ಲಿತ್ತು, ನೋಡಿದವರು ಏನೆಂದುಕೊಂಡಾರು ಎಂಬುದು ನಾವು ಮನೆಯಲ್ಲಿ ಕೊಟ್ಟ ಕಾರಣ. ನಿಯಮಗಳ ಪುಸ್ತಕವನ್ನು ಆಮೇಲೆ ತೆರೆದು ನೋಡಿದೆವು. ಕಾಯಿಲೆ ಬಿದ್ದ ಹಳೆಯ ಸಹೋದ್ಯೋಗಿಯನ್ನು ಬರಿಗೈಯಲ್ಲಿ ಹೋಗಿ ನೋಡಿಬರಬಾರದೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಕಡತವನ್ನು ಮುಚ್ಚಿಡುವುದು ನಮ್ಮ ಕರ್ತವ್ಯವಾಗಿತ್ತು. ಬಾಗಿಲನ್ನೂ ಮುಚ್ಚಿಕೊಂಡದ್ದು ನಮ್ಮ ಅಭಿಮಾನ. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಮೂರು ವರ್ಷ ನಡೆಸಿಕೊಂಡು ಬಂದೆವು.

ಅವರೀಗ ಚಿಂಚವಡದ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆಂದು ಕೇಳಿದ್ದೇವೆ. ಅವರ ಅರ್ಜಿಯ ತೀರ್ಮಾನವೂ ಆಗಿಹೋಗಿದೆ. ಮಳೆಯಿಲ್ಲದ ದಿನ ಡಾಂಗೆ ಚೌಕದ ಮೇಲಿಂದ ಹೋದರೆ ಅರ್ಧ ಗಂಟೆಯ ದಾರಿ.