ಪುಸ್ತಕ ಮುಚ್ಚಿದ ಮೇಲಿನ ಓದು

ಬೆಂಗಳೂರಿನ ವಿಜಯನಗರ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಪೇಟೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಊರು ಬಿಟ್ಟು ಬಂದವರು ಪಿಜಿಗಳಲ್ಲಿ ಉಳಿದು, ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದುತ್ತಾರೆ. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ನನ್ನ ತಕರಾರು ಓದುವ ಬಗೆಯ ಮೇಲೆ. ಅದೇ ಪುಟವನ್ನು ನಾಲ್ಕು ಸಲ ತಿರುವುವುದು, ಸಾಲು ಸಾಲಿಗೂ ಹೈಲೈಟರ್ ಬಳಿಯುವುದು. ಪುಟವೆಲ್ಲ ಹಳದಿಯಾದ ಮೇಲೆ ಮುಖ್ಯವಾದದ್ದು ಯಾವುದು?

ಮರು ಓದು ಸಲೀಸಾಗಿರುವುದರಿಂದಲೇ ಮೋಸ ಮಾಡುತ್ತದೆ. ಕಣ್ಣಿಗೆ ಪರಿಚಯವಾದದ್ದನ್ನೆಲ್ಲ ಮನಸ್ಸು ಕಲಿತ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪು ನಾಲ್ಕು ಅವಧಿಯೂ ಪಾಠ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು ಸುಮಾರು ಶೇ 40, ಬರೆದವರಲ್ಲಿ ಶೇ 61. ಪರೀಕ್ಷೆ ಐದು ನಿಮಿಷಕ್ಕೇ ಬರುವುದಿಲ್ಲವಲ್ಲ!

ಹಳೆಯ ಶಾಲೆಗಳಲ್ಲಿ ಮಗ್ಗಿ, ಪದ್ಯಗಳನ್ನು ಮೇಷ್ಟರ ಮುಂದೆ ಪುಸ್ತಕ ನೋಡದೆ ಒಪ್ಪಿಸಬೇಕಿತ್ತು. ಉರು ಹೊಡೆಯುವುದು ಕೆಟ್ಟದ್ದೆಂದು ಬಿಟ್ಟಾಗ ಅದರ ಜೊತೆಗೆ ಒಪ್ಪಿಸುವುದನ್ನೂ ಬಿಟ್ಟೆವು. ಅರ್ಥ ಕೇಳದೆ ಬರೀ ಮಾತನ್ನೇ ಕೇಳುತ್ತಿದ್ದುದು ಆ ಪದ್ಧತಿಯ ದೋಷ. ಗಮಕ ಕಲೆ ಆ ದೋಷಕ್ಕೆ ಮೊದಲೇ ದಾರಿ ಕಂಡುಕೊಂಡಿತ್ತು: ಗಮಕಿ ಕುಮಾರವ್ಯಾಸನ ಷಟ್ಪದಿ ವಾಚಿಸಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಒಬ್ಬಂಟಿಯಾಗಿ ಓದುವವರು ಎರಡೂ ಪಾತ್ರ ವಹಿಸಬೇಕು.

ಸಂವಿಧಾನದ 73ನೇ ತಿದ್ದುಪಡಿಯನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿದಿರಿ ಎನ್ನಿ. ಪುಸ್ತಕ ಮುಚ್ಚಿ, ಪಂಚಾಯಿತಿಗೆ ಎಷ್ಟು ವರ್ಷ ಅವಧಿ, ಚುನಾವಣೆ ನಡೆಸುವವರು ಯಾರು, ಮಹಿಳೆಯರಿಗೆ ಕನಿಷ್ಠ ಎಷ್ಟು ಸ್ಥಾನ ಎಂದು ಊರಲ್ಲಿರುವ ಅಪ್ಪನಿಗೆ ತಿಳಿಯುವ ಕನ್ನಡದಲ್ಲಿ ಬರೆದು ನೋಡಿ. ತಡವರಿಸಿದ ಕಡೆಗೆ ಮಾತ್ರ ಮತ್ತೆ ಪುಸ್ತಕ ತೆರೆಯಿರಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಪಾಠವೇ ಅರ್ಥವಾಗದಿದ್ದರೆ ಈ ಉಪಾಯ ನಡೆಯದು. ಮೊದಲು ಯಾರನ್ನಾದರೂ ಕೇಳಿ ತಿಳಿಯಬೇಕು.

ಹೀಗೆ ಕೂತರೆ ಸಿಲಬಸ್ ಮುಗಿಯುವುದು ಯಾವಾಗ ಎನ್ನುವರು. ನ್ಯಾಯವಾದ ಪ್ರಶ್ನೆಯೇ. ಆದರೆ ನಾಲ್ಕು ಸಲ ಓದಲು ಇರುವ ಹೊತ್ತು ಒಮ್ಮೆ ಓದಿ ಮೂರು ಸಲ ಬರೆಯಲೂ ಇದೆ. ಪ್ರಿಲಿಮ್ಸ್‌ನಲ್ಲಿ ಗುರುತು ಹಿಡಿದರೆ ಸಾಕೆಂಬ ವಾದವೂ ನಿಲ್ಲದು. ಅಲ್ಲಿ ನಾಲ್ಕೂ ಆಯ್ಕೆಗಳು ಪರಿಚಿತವಾಗಿಯೇ ಕಾಣುತ್ತವೆ. ಪ್ರಶ್ನೆಪತ್ರಿಕೆ ಮಾಡುವವರ ಜಾಣತನ ಇರುವುದೇ ಅದರಲ್ಲಿ.