ಎರವಲು ಹೆಸರಿನ ಮೃಗ

ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳ ಹುಲ್ಲುಗಾವಲುಗಳಲ್ಲಿ ಈಲಂಡ್ ಎಂಬ ಮೃಗ ವಾಸಿಸುತ್ತದೆ. ಹುಲ್ಲೆಗಳ ಬಳಗಕ್ಕೆ ಸೇರಿದ್ದರೂ ಇದರ ನಿಲುವು ಹೋರಿಯದು. ಬಲಿತ ಗಂಡು 900 ಕಿಲೋಗ್ರಾಂವರೆಗೂ ತೂಗುವುದುಂಟು. ಕೊರಳಿನಡಿ ಜೋಲುವ ಗಂಗೆದೊಗಲು, ಹೆಣ್ಣು ಗಂಡುಗಳೆರಡಕ್ಕೂ ತಿರುಚಿಕೊಂಡ ಕೊಂಬು. ನಡೆಯುವಾಗ ಕಾಲುಗಳಿಂದ ಚಿಟಿಕೆ ಹೊಡೆದಂತಹ ಸದ್ದು. ಇಷ್ಟು ವಿಶೇಷಗಳುಳ್ಳ ಪ್ರಾಣಿಗೆ ಇಂಗ್ಲಿಷಿನಲ್ಲಿ ಸ್ವಂತದ್ದೊಂದು ಹೆಸರಿಲ್ಲವೆಂಬುದು ಸೋಜಿಗವೇ ಸರಿ.

ಉತ್ತರ ಯೂರೋಪಿನ ಕಾಡುಗಳಲ್ಲಿ ಎಲ್ಕ್ ಎಂಬ ಭಾರಿ ಸಾರಂಗವಿದೆ. ಡಚ್ ಭಾಷೆಯಲ್ಲಿ ಅದಕ್ಕೆ 'ಏಲಾಂಟ್' ಎನ್ನುತ್ತಾರೆ. 1652ರಲ್ಲಿ ಗುಡ್ ಹೋಪ್ ಭೂಶಿರದ ಬಳಿ ನೆಲೆಯೂರಿದ ಡಚ್ಚರು ಈ ದೊಡ್ಡ ಹುಲ್ಲೆಗೂ ಆ ಹೆಸರನ್ನೇ ತೊಡಿಸಿದರು. ಗಾತ್ರವೊಂದನ್ನು ಬಿಟ್ಟರೆ ಇವೆರಡಕ್ಕೂ ಹೋಲಿಕೆ ಅಷ್ಟಕ್ಕಷ್ಟೆ. ಎಲ್ಕಿನ ಕವಲೊಡೆದ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಈ ಹುಲ್ಲೆಯ ಕೊಂಬು ಕವಲೊಡೆಯುವುದೂ ಇಲ್ಲ, ಉದುರುವುದೂ ಇಲ್ಲ. ಇಂಗ್ಲಿಷರು ಆ ತಪ್ಪನ್ನು ಡಚ್ಚರಿಂದ ಹಾಗೆಯೇ ಎತ್ತಿಕೊಂಡು, ಉಚ್ಚಾರವನ್ನು ಮಾತ್ರ ಈಲಂಡ್ ಎಂದು ಬದಲಿಸಿದರು. (ಅವರಲ್ಲಿ ಹತ್ತು ಮೃಗಗಳಿದ್ದರೂ ಬಹುವಚನದ ಪ್ರತ್ಯಯವಿಲ್ಲದೆ 'ಹತ್ತು ಈಲಂಡ್' ಎನ್ನುವ ರೂಢಿಯುಂಟು, ನಾವು 'ಹತ್ತು ಜಿಂಕೆ' ಎನ್ನುವಂತೆ.) ಅಮೆರಿಕದ ವಾಪಿಟಿಯನ್ನೂ ಸಿಂಹಳದ ಕಡವೆಯನ್ನೂ ಎಲ್ಕ್ ಎಂದೇ ಕರೆದವರು ಅವರು!

ಕಾಣದ್ದನ್ನು ಕಂಡಾಗ ಕಂಡದ್ದರ ಹೆಸರಿಡುವುದು ಮನುಷ್ಯಸಹಜ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಬಲ್ಲವರು ಎದುರಿಗಿದ್ದರೂ ಅವರನ್ನು ಕೇಳದೆ ಹೋದುದೇ ನನ್ನ ಆಕ್ಷೇಪಣೆ. 'ಇಂಪಾಲ' ಎಂಬ ಹೆಸರನ್ನು ಜುಲು ಭಾಷೆಯಿಂದ ಪಡೆದ ಇಂಗ್ಲಿಷಿಗೆ, ಅದೇ ಭಾಷೆಯ 'ಇಂಪೋಫು' ಎಂಬ ಮಾತು ಈ ಮೃಗಕ್ಕೆ ಏಕೆ ಒದಗಲಿಲ್ಲ? ಜಿಂಬಾಬ್ವೆಯ ಶೋನಾ ಜನರಲ್ಲಿ ಇದರ ಹೆಸರನ್ನೇ ಹೊತ್ತ 'ಮ್ಹೋಫು' ಎಂಬ ಕುಲವಿದೆ. ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಬಂಡೆಗಳ ಮೇಲೆ ಸ್ಯಾನ್ ಜನರು ಎಲ್ಲ ಮೃಗಗಳಿಗಿಂತ ಹೆಚ್ಚು ಅಕ್ಕರೆಯಿಂದ ಚಿತ್ರಿಸಿರುವುದೂ ಇದನ್ನೇ. ಕಗ್ಗೆನ್ ಎಂಬ ದೈವ ಇದನ್ನು ಸೃಷ್ಟಿಸಿ, ಜೇನುಣಿಸಿ ಸಾಕಿದ ಕಥೆಯನ್ನು ಸ್ಯಾನರ ಒಂದು ಪಂಗಡದವರು 1870ರ ದಶಕದಲ್ಲಿ ಕೇಪ್‌ಟೌನಿನಲ್ಲಿ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಎಂಬ ವಿದ್ವಾಂಸರಿಗೆ ಹೇಳಿ ಬರೆಯಿಸಿದರು. ಆ ಕಥೆ ಹೇಳಿದವರ ಭಾಷೆಯನ್ನು ಇಂದು ಆಡುವವರು ಯಾರೂ ಉಳಿದಿಲ್ಲ. ಅವರು ಈ ಮೃಗವನ್ನು ಕೂಗಿ ಕರೆಯುತ್ತಿದ್ದ ಮಾತು ಈಗ ಹಸ್ತಪ್ರತಿಗಳಲ್ಲಿದೆ.

ಈಲಂಡ್ ಎಂಬ ಶಬ್ದವನ್ನು ಅಳಿಸಿಹಾಕಬೇಕೆಂದು ನಾನು ಹೇಳುತ್ತಿಲ್ಲ; ಬಳಕೆಯಿಂದ ಅದು ಗಟ್ಟಿಗೊಂಡಿದೆ. ಆದರೆ ಕನ್ನಡದಲ್ಲಿ ಈ ಮೃಗದ ವಿಷಯ ಬರೆಯುವವರು ಇಂಪೋಫು, ಮ್ಹೋಫು ಎಂಬ ಹೆಸರುಗಳನ್ನೂ ಜೊತೆಗೆ ಹೇಳಬೇಕು. ಇಂತಹ ಎರವಲು ನಮ್ಮ ಮನೆಯಲ್ಲೂ ಇದೆ. ಮಲೆನಾಡಿನ ಕಾಟಿಯನ್ನು ಇಂಗ್ಲಿಷ್ ಬೇಟೆಗಾರರು ಬೈಸನ್ ಎಂದರು. ನಿಜವಾದ ಬೈಸನ್ ಇರುವುದು ಅಮೆರಿಕ, ಯೂರೋಪುಗಳಲ್ಲಿ. 'ಕಾಡುಕೋಣ' ಎಂಬ ನಮ್ಮ ಮಾತೂ ಹೋಲಿಕೆಯಿಂದಲೇ ಹುಟ್ಟಿದ್ದು, ನಿಜ. ಆದರೆ ಅದನ್ನು ಇಟ್ಟವರು ಆ ಮೃಗ ಗದ್ದೆಗಿಳಿದ ರಾತ್ರಿ ನಿದ್ದೆಗೆಟ್ಟು ಕಾವಲು ಕುಳಿತವರು.